ಇಂಗ್ಲಿಷ್ ಕಲಿಯುವ ಮೊದಲೇ ಕಲಿತಿರುವ ಪಾಠಗಳು

ವಿಶ್ವವಿದ್ಯಾಲಯದ ಮೊದಲ ವರ್ಷದ ಇಂಗ್ಲಿಷ್ ತರಗತಿಯಲ್ಲಿ ಕೂತವರು ಸಾಮಾನ್ಯವಾಗಿ ಆ ಭಾಷೆಗೆ ಹೊಸಬರಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಕೇಳಿ, ಕಂಠಪಾಠ ಮಾಡಿ, ಪರೀಕ್ಷೆ ಬರೆದು, ಒಂದೆರಡು ಸಲ ಎಲ್ಲರೆದುರು ತಪ್ಪು ಮಾತನಾಡಿ ನಗೆಗೀಡಾಗಿ ಬಂದವರು. ಇಷ್ಟೆಲ್ಲ ಆಗುವ ಹೊತ್ತಿಗೆ ಭಾಷೆ ಯಾರಿಗೆ ಒಲಿಯುತ್ತದೆ, ಯಾರಿಗೆ ಒಲಿಯುವುದಿಲ್ಲ, ಎಷ್ಟು ಕಾಲ ಬೇಕು, ಎಲ್ಲಿಂದ ಶುರು ಮಾಡಬೇಕು ಎಂಬ ಬಗ್ಗೆ ಪ್ರತಿಯೊಬ್ಬರೂ ತಮ್ಮದೇ ಒಂದು ಸಿದ್ಧಾಂತ ಕಟ್ಟಿಕೊಂಡಿರುತ್ತಾರೆ. ಪಠ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ, ಅಂಕವೂ ಇಲ್ಲ. ಆದರೆ ರಾತ್ರಿ ಒಂದು ಗಂಟೆ ಬಿಡುವು ಸಿಕ್ಕಾಗ ವಿದ್ಯಾರ್ಥಿನಿ ಪದಪಟ್ಟಿ ಉರುಹೊಡೆಯುತ್ತಾಳೋ, ಕತೆ ಓದುತ್ತಾಳೋ, ಗೆಳತಿಯೊಡನೆ ತಪ್ಪುತಪ್ಪಾಗಿಯಾದರೂ ಮಾತನಾಡುತ್ತಾಳೋ, ಇಲ್ಲ ಪುಸ್ತಕ ಮುಚ್ಚಿ ಮಲಗುತ್ತಾಳೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಸಿದ್ಧಾಂತವೇ.

ಭಾಷಾ ಕಲಿಕೆಯ ಸಂಶೋಧಕರು ಇದಕ್ಕೆ ‘ಕಲಿಯುವವರ ನಂಬಿಕೆಗಳು’ ಎಂದು ಹೆಸರಿಟ್ಟು ನಾಲ್ಕು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಮೂಢನಂಬಿಕೆಗಳನ್ನು ಪಟ್ಟಿ ಮಾಡಿ ನಗುವುದು ಇದರ ಉದ್ದೇಶವಲ್ಲ. ನೋಡುತ್ತ ಹೋದರೆ ಈ ನಂಬಿಕೆಗಳಲ್ಲಿ ಶುದ್ಧ ಸುಳ್ಳು ಬಹಳ ಕಡಿಮೆ. ಹೆಚ್ಚಿನವು ಅರ್ಧ ಸತ್ಯಗಳು, ಮತ್ತು ತೊಂದರೆ ಇರುವುದೇ ಅಲ್ಲಿ. ಶುದ್ಧ ಸುಳ್ಳನ್ನು ಅನುಭವ ಬೇಗ ಕೆಡವಿಬಿಡುತ್ತದೆ. ಅರ್ಧ ಸತ್ಯವಾದರೋ ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಹುಟ್ಟಿಸಿಕೊಂಡು ಬದುಕುತ್ತದೆ.

ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಯುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬೀದಿಯಲ್ಲಿ, ಕಚೇರಿಯಲ್ಲಿ, ಸುದ್ದಿಯಲ್ಲಿ ಇಂಗ್ಲಿಷ್ ಓಡಾಡುವ ಕಡೆ ಅದನ್ನು ಎರಡನೇ ಭಾಷೆಯಾಗಿ ಕಲಿಯುವವರಿಗೆ ಹೊರಗಿನ ಜಗತ್ತೇ ಆಗಾಗ ಪಾಠ ಹೇಳುತ್ತದೆ. ವ್ಯಾಕರಣ ತಪ್ಪಿದರೂ ಕೆಲಸ ಆಯಿತಲ್ಲ ಎಂದೋ, ಇಷ್ಟೆಲ್ಲ ವ್ಯಾಕರಣ ಬಂದರೂ ಫೋನಿನಲ್ಲಿ ಹೇಳಿದ್ದು ತಿಳಿಯಲಿಲ್ಲವಲ್ಲ ಎಂದೋ ಅವರು ತಮ್ಮ ಲೆಕ್ಕ ತಿದ್ದಿಕೊಳ್ಳಬಹುದು. ತರಗತಿಯ ಬಾಗಿಲು ದಾಟಿದ ಕೂಡಲೇ ಇಂಗ್ಲಿಷ್ ಮುಗಿದುಹೋಗುವ ದೇಶಗಳಲ್ಲಿ ಇಂಥ ತಿದ್ದುಪಡಿಗೆ ಅವಕಾಶ ಕಡಿಮೆ. ಅಲ್ಲಿ ನಂಬಿಕೆಯನ್ನು ಪರೀಕ್ಷಿಸುವುದು ಪರೀಕ್ಷೆ ಒಂದೇ. ಪರೀಕ್ಷೆಗೂ ಅದರದೇ ನಂಬಿಕೆಗಳಿವೆ ಎಂಬುದು ಬೇರೆ ಮಾತು.

ಮೂವತ್ತನಾಲ್ಕು ಹೇಳಿಕೆಗಳು

ಈ ಕ್ಷೇತ್ರಕ್ಕೆ ಒಂದು ಅಳತೆಗೋಲು ಕೊಟ್ಟವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಇಲೇನ್ ಹಾರ್ವಿಟ್ಜ್. 1980ರ ದಶಕದಲ್ಲಿ ಅವರು ರೂಪಿಸಿದ ಪ್ರಶ್ನಾವಳಿ ‘ಬ್ಯಾಲಿ’ (ಭಾಷಾ ಕಲಿಕೆಯ ಬಗೆಗಿನ ನಂಬಿಕೆಗಳ ಪಟ್ಟಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತ. ಅದರಲ್ಲಿ 34 ಅಂಶಗಳಿವೆ. ‘ದೊಡ್ಡವರಿಗಿಂತ ಮಕ್ಕಳಿಗೆ ಭಾಷೆ ಸುಲಭ’, ‘ಕೆಲವರಿಗೆ ಹುಟ್ಟಿನಿಂದಲೇ ಭಾಷೆಯ ವಿಶೇಷ ಶಕ್ತಿ ಇರುತ್ತದೆ’, ‘ಸರಿಯಾಗಿ ಹೇಳಲು ಬರುವವರೆಗೆ ಏನನ್ನೂ ಹೇಳಬಾರದು’, ‘ಭಾಷೆ ಕಲಿಯುವುದೆಂದರೆ ಬಹುಪಾಲು ಹೊಸ ಪದಗಳನ್ನು ಕಲಿಯುವುದು’ ಎಂಬಂಥ ಹೇಳಿಕೆಗಳಿಗೆ ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಹಂತಗಳಲ್ಲಿ ಉತ್ತರಿಸಬೇಕು. ಭಾಷೆಯ ಕಷ್ಟ, ಕಲಿಯುವವರ ಸಹಜ ಸಾಮರ್ಥ್ಯ, ಕಲಿಕೆಯ ಸ್ವರೂಪ, ಕಲಿಯುವ ಮತ್ತು ಮಾತನಾಡುವ ಉಪಾಯಗಳು, ಆಸೆ ಮತ್ತು ನಿರೀಕ್ಷೆ ಎಂಬ ಐದು ವಿಷಯಗಳನ್ನು ಅದು ಮುಟ್ಟುತ್ತದೆ. ಎಲ್ಲ ಉತ್ತರಗಳನ್ನು ಕೂಡಿ ಒಂದು ಒಟ್ಟು ಅಂಕ ತೆಗೆಯುವ ಪದ್ಧತಿ ಅದರಲ್ಲಿಲ್ಲ. ಸರಿಯುತ್ತರ ಎಂಬುದೂ ಇಲ್ಲ. ಯಾರು ಏನು ನಂಬಿದ್ದಾರೆ ಎಂದು ತಿಳಿದರೆ ಸಾಕು ಎಂಬುದೇ ಅದರ ಹಿಂದಿನ ವಿಚಾರ.

1988ರಲ್ಲಿ ಹಾರ್ವಿಟ್ಜ್ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರಿಸಿದವರು ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳನ್ನು ಆಗಷ್ಟೇ ಶುರು ಮಾಡಿದ್ದ ಅಮೆರಿಕದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳು. ಆಮೇಲೆ ಅದೇ ಪ್ರಶ್ನಾವಳಿ ತೈವಾನ್, ಕೊರಿಯಾ, ತುರ್ಕಿ, ಹಾಂಕಾಂಗ್‌ಗಳಲ್ಲಿ ಇಂಗ್ಲಿಷ್ ಕಲಿಯುವವರ ಕೈಗೂ ಹೋಯಿತು. ಅದರಲ್ಲಿ ನನಗೆ ಎಲ್ಲಕ್ಕಿಂತ ಹರಿತವಾಗಿ ಕಾಣುವುದು ಒಂದು ಸಣ್ಣ ಪ್ರಶ್ನೆ: ದಿನಕ್ಕೆ ಒಂದು ಗಂಟೆ ಕೊಟ್ಟರೆ ಒಂದು ಭಾಷೆಯನ್ನು ಚೆನ್ನಾಗಿ ಮಾತನಾಡಲು ಎಷ್ಟು ಕಾಲ ಬೇಕು? ಒಂದು ವರ್ಷಕ್ಕಿಂತ ಕಡಿಮೆ, ಒಂದರಿಂದ ಎರಡು, ಮೂರರಿಂದ ಐದು, ಐದರಿಂದ ಹತ್ತು ವರ್ಷ, ಇಲ್ಲವೇ ‘ದಿನಕ್ಕೊಂದು ಗಂಟೆಯಲ್ಲಿ ಭಾಷೆ ಕಲಿಯಲು ಆಗದು’. ಎರಡು ವರ್ಷದೊಳಗೆ ಸಾಕು ಎಂದವರು ಹಾರ್ವಿಟ್ಜ್ ಅವರ ಅಮೆರಿಕದ ತರಗತಿಗಳಲ್ಲಿ ಕಡಿಮೆಯೇನೂ ಇರಲಿಲ್ಲ.

ಇದರ ಲೆಕ್ಕ ಹಾಕಿ ನೋಡಬಹುದು. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ, ಹೆಚ್ಚು ತಡವರಿಸದೆ ಸಂಭಾಷಿಸಬಲ್ಲ ಮಟ್ಟವನ್ನು ‘ಬಿ2’ ಎನ್ನುತ್ತಾರೆ. ಅದರ ಕೆಳಗಿನ ‘ಬಿ1’ ಎಂದರೆ ದಿನನಿತ್ಯದ ವ್ಯವಹಾರ ಹೇಗೋ ಸಾಗಿಸುವಷ್ಟು. ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಸ್ಥೂಲ ಅಂದಾಜಿನಂತೆ, ಮೊದಲಿನಿಂದ ಶುರು ಮಾಡಿದವರಿಗೆ ‘ಬಿ1’ಕ್ಕೆ ಶಿಕ್ಷಕರ ಮಾರ್ಗದರ್ಶನದಲ್ಲಿ 350ರಿಂದ 400 ಗಂಟೆ, ‘ಬಿ2’ಕ್ಕೆ 500ರಿಂದ 600 ಗಂಟೆ ಬೇಕು. ವಾರಕ್ಕೆ ಮೂರು ಗಂಟೆಯ ತರಗತಿ, ವರ್ಷಕ್ಕೆ ಮೂವತ್ತು ವಾರ ಎಂದುಕೊಂಡರೆ ಒಟ್ಟು 90 ಗಂಟೆ. ಬರೀ ತರಗತಿಯನ್ನೇ ನೆಚ್ಚಿದರೆ ‘ಬಿ1’ಕ್ಕೇ ನಾಲ್ಕು ವರ್ಷ. ಮಾತೃಭಾಷೆ ಇಂಗ್ಲಿಷಿನಿಂದ ದೂರವಿದ್ದಷ್ಟೂ ಈ ಗಂಟೆಗಳು ಹಿಗ್ಗುತ್ತವೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅನುಭವ ಇದನ್ನೇ ಎದುರು ದಿಕ್ಕಿನಿಂದ ತೋರಿಸುತ್ತದೆ: ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್ ಬರಲು 600ರಿಂದ 750 ಗಂಟೆ, ಜಪಾನೀಸ್ ಅಥವಾ ಅರೇಬಿಕ್ ಬರಲು ಸುಮಾರು 2200 ಗಂಟೆ.

ಒಂದು ವರ್ಷದಲ್ಲಿ ಬಂದೇ ಬರುತ್ತದೆ ಎಂದು ನಂಬಿದವನ ಪಾಡೇನು? ವರ್ಷ ಕಳೆಯುತ್ತದೆ, ಭಾಷೆ ಬರುವುದಿಲ್ಲ. ಆಗ ಅವನು ‘ಗಂಟೆ ಸಾಲಲಿಲ್ಲ’ ಎನ್ನುವುದಿಲ್ಲ. ‘ನನಗೆ ಆ ಶಕ್ತಿ ಇಲ್ಲ’ ಎನ್ನುತ್ತಾನೆ. ಕಾಲದ ಬಗೆಗಿನ ತಪ್ಪು ಲೆಕ್ಕ ಹೀಗೆ ಸದ್ದಿಲ್ಲದೆ ಸಾಮರ್ಥ್ಯದ ಬಗೆಗಿನ ನಂಬಿಕೆಯಾಗಿ ಬದಲಾಗುತ್ತದೆ.

ಹುಟ್ಟು ಶಕ್ತಿ, ವಯಸ್ಸು

ಭಾಷೆ ಕಲಿಯುವ ಸಹಜ ಸಾಮರ್ಥ್ಯ ಎಂಬುದು ಇದೆಯೇ? ಇದೆ. ಜಾನ್ ಕ್ಯಾರೊಲ್ ಮತ್ತು ಸ್ಟ್ಯಾನ್ಲಿ ಸಪೋನ್ 1959ರಲ್ಲೇ ಅದನ್ನು ಅಳೆಯುವ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಹೊಸ ಧ್ವನಿಗಳನ್ನು ನೆನಪಿಡುವುದು, ವಾಕ್ಯದಲ್ಲಿ ಪದಗಳ ಪಾತ್ರ ಗುರುತಿಸುವುದು, ಉದಾಹರಣೆಗಳಿಂದ ನಿಯಮ ಊಹಿಸುವುದು ಇವುಗಳಲ್ಲಿ ಮನುಷ್ಯರ ನಡುವೆ ನಿಜವಾದ ವ್ಯತ್ಯಾಸವಿದೆ. ಅಂದರೆ ‘ಕೆಲವರಿಗೆ ಬೇಗ ಬರುತ್ತದೆ’ ಎನ್ನುವ ವಿದ್ಯಾರ್ಥಿ ತಪ್ಪು ಹೇಳುತ್ತಿಲ್ಲ. ಆದರೆ ಕ್ಯಾರೊಲ್ ಈ ಸಾಮರ್ಥ್ಯವನ್ನು ಕಂಡದ್ದು ವೇಗದ ಪ್ರಶ್ನೆಯಾಗಿ, ಅಂದರೆ ಒಬ್ಬರಿಗೆ ಎಷ್ಟು ಸಮಯ ಬೇಕು ಎಂಬ ಪ್ರಶ್ನೆಯಾಗಿ. ವಿದ್ಯಾರ್ಥಿ ಅದನ್ನು ಬಾಗಿಲಿನ ಪ್ರಶ್ನೆಯಾಗಿ ಓದಿಕೊಳ್ಳುತ್ತಾಳೆ: ಒಳಗೆ ಬಿಡುತ್ತಾರೋ ಇಲ್ಲವೋ. ಬುದ್ಧಿಶಕ್ತಿ ಬೆಳೆಯಬಲ್ಲದು ಎಂದು ನಂಬುವವರೂ ಅದು ನಿಶ್ಚಿತ ಎಂದು ನಂಬುವವರೂ ಸೋಲನ್ನು ಬೇರೆ ಬೇರೆಯಾಗಿ ಕಾಣುತ್ತಾರೆ ಎಂದು ಮನಃಶಾಸ್ತ್ರಜ್ಞೆ ಕ್ಯಾರೊಲ್ ಡ್ವೆಕ್ ಹೇಳಿದ್ದನ್ನು ನೈಜೆಲ್ ಲೂ ಮತ್ತು ಕಿಂಬರ್ಲಿ ನೋಯಲ್ಸ್ ಭಾಷಾ ಕಲಿಕೆಗೆ ಅನ್ವಯಿಸಿ ನೋಡಿದ್ದಾರೆ. ಭಾಷಾ ಸಾಮರ್ಥ್ಯ ಬೆಳೆಯಬಲ್ಲದು ಎಂದು ಓದಿದ ವಿದ್ಯಾರ್ಥಿಗಳು, ಅದು ಹುಟ್ಟಿನಿಂದ ನಿಶ್ಚಿತ ಎಂದು ಓದಿದವರಿಗಿಂತ, ಸೋತಾಗ ಕೈಚೆಲ್ಲದೆ ಕಲಿಕೆ ಮುಂದುವರಿಸಲು ಹೆಚ್ಚು ಒಲವು ತೋರಿದರು.

ವಯಸ್ಸಿನ ನಂಬಿಕೆ ಇದಕ್ಕಿಂತ ಸ್ವಾರಸ್ಯಕರ, ಏಕೆಂದರೆ ಅದರ ಎರಡು ಅರ್ಧಗಳೂ ಒಟ್ಟಿಗೆ ನಿಜ. 1978ರಲ್ಲಿ ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್‌ನಾಗೆಲ್-ಹೂಲೆ ನೆದರ್ಲೆಂಡ್ಸಿಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಅಧ್ಯಯನ ಮಾಡಿದರು. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ಮುಂದೆ ಓಡಿದವರು 12ರಿಂದ 15 ವರ್ಷದವರು, ಅವರ ಬೆನ್ನಿಗೆ ವಯಸ್ಕರು. ಎಲ್ಲರಿಗಿಂತ ಹಿಂದೆ ಉಳಿದವರು ಮೂರರಿಂದ ಐದು ವರ್ಷದ ಮಕ್ಕಳು! ಇನ್ನೊಂದು ಕಡೆ, 2018ರಲ್ಲಿ ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಸಂಗಡಿಗರು ಸುಮಾರು 6,70,000 ಜನರಿಂದ ಆನ್‌ಲೈನ್ ಮೂಲಕ ಪಡೆದ ಇಂಗ್ಲಿಷ್ ವ್ಯಾಕರಣದ ಉತ್ತರಗಳನ್ನು ವಿಶ್ಲೇಷಿಸಿ, ವ್ಯಾಕರಣ ಕಲಿಯುವ ಶಕ್ತಿ 17-18ರ ವಯಸ್ಸಿನವರೆಗೆ ಹೆಚ್ಚುಕಡಿಮೆ ಹಾಗೇ ಉಳಿದು ಆಮೇಲೆ ಇಳಿಯುತ್ತದೆ ಎಂದರು. ಮಾತೃಭಾಷಿಕರ ಮಟ್ಟವನ್ನೇ ಮುಟ್ಟಬೇಕಾದರೆ ಹತ್ತು ವರ್ಷದೊಳಗೇ ಶುರು ಮಾಡಿರುವುದು ಒಳ್ಳೆಯದು ಎಂದೂ ಕಂಡುಕೊಂಡರು. ಎರಡನ್ನೂ ಒಟ್ಟಿಗೆ ಇಟ್ಟರೆ ಚಿತ್ರ ಸ್ಪಷ್ಟ. ದೊಡ್ಡವರು ಬೇಗ ಹೊರಡುತ್ತಾರೆ, ಭಾಷೆಯ ನಡುವೆಯೇ ಬೆಳೆದ ಮಕ್ಕಳು ಕೊನೆಗೆ ಹೆಚ್ಚು ದೂರ ಹೋಗುತ್ತಾರೆ.

ವಾರಕ್ಕೆ ಮೂರು ಗಂಟೆಯ ತರಗತಿಯಲ್ಲಿ ಮಕ್ಕಳಿಗೆ ಆ ಅನುಕೂಲವೂ ಕೈಗೆ ಸಿಗುವುದಿಲ್ಲ. ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ತಂಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡದ್ದೇನೆಂದರೆ, ಅಷ್ಟೇ ಗಂಟೆಗಳ ಪಾಠವಾದ ಮೇಲೆ ತಡವಾಗಿ ಶುರು ಮಾಡಿದವರೇ ಮುಂದಿದ್ದರು. ಹದಿನೆಂಟಕ್ಕೆ ‘ಕಾಲ ಮೀರಿತು’ ಎಂದು ಕೈಚೆಲ್ಲುವ ವಿದ್ಯಾರ್ಥಿ, ತನ್ನ ಪರಿಸ್ಥಿತಿಗೆ ಅಷ್ಟಾಗಿ ಅನ್ವಯಿಸದ ಸತ್ಯವೊಂದನ್ನು ನಂಬಿ ಕೂತಿದ್ದಾನೆ.

ಸರಿಯಾಗಿ ಬರುವವರೆಗೆ ಬಾಯಿ ಬಿಡಬಾರದು

ಎಲ್ಲ ನಂಬಿಕೆಗಳಲ್ಲಿ ಅತ್ಯಂತ ದುಬಾರಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ನೇರವಾಗಿ ಕೇಳಿದರೆ ಇದನ್ನು ಒಪ್ಪುವವರು ಹೆಚ್ಚಿಲ್ಲ. ಆದರೆ ತರಗತಿಯ ಮೌನ ಬೇರೆಯೇ ಹೇಳುತ್ತದೆ. ಈಜು ಬಂದ ಮೇಲೆಯೇ ನೀರಿಗಿಳಿಯುತ್ತೇನೆ ಎಂದ ಹಾಗಿದು. ಮಾತನಾಡದಿದ್ದರೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದಿದ್ದರೆ ಬಾಯಿ ತೆರೆದ ದಿನ ತಪ್ಪು ಖಚಿತ, ತಪ್ಪಾದ ಮೇಲೆ ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂದು ನಂಬಿಕೆ ಇನ್ನಷ್ಟು ಗಟ್ಟಿ.

ಹಾರ್ವಿಟ್ಜ್ ಅವರೇ ಮೈಕೆಲ್ ಹಾರ್ವಿಟ್ಜ್ ಮತ್ತು ಜೋ ಆ್ಯನ್ ಕೋಪ್ ಅವರೊಡನೆ 1986ರಲ್ಲಿ ವಿದೇಶಿ ಭಾಷಾ ತರಗತಿಯ ಆತಂಕವನ್ನು ಅಳೆಯಲು 33 ಹೇಳಿಕೆಗಳ ಇನ್ನೊಂದು ಪ್ರಶ್ನಾವಳಿ ಮಾಡಿದರು. ಅವರ ಒಳನೋಟ ಸರಳ, ಆದರೆ ಆಳವಾದದ್ದು. ತನ್ನ ಭಾಷೆಯಲ್ಲಿ ಚತುರವಾಗಿ, ತಮಾಷೆಯಾಗಿ ಮಾತನಾಡಬಲ್ಲ ವಯಸ್ಕ ವ್ಯಕ್ತಿ ಹೊಸ ಭಾಷೆಯಲ್ಲಿ ಒಮ್ಮೆಲೇ ಮಂಕಾಗಿ ಕಾಣುತ್ತಾನೆ. ಗಣಿತದಲ್ಲಿ ತಪ್ಪಿದರೆ ತಪ್ಪುವುದು ಲೆಕ್ಕ ಮಾತ್ರ. ಭಾಷೆ ತಪ್ಪಿದಾಗ ಪೆಟ್ಟು ತಿನ್ನುವುದು ಆ ವ್ಯಕ್ತಿಯ ಚಿತ್ರವೇ. ಆದ್ದರಿಂದ ಈ ಮೌನವನ್ನು ಸೋಮಾರಿತನ ಎನ್ನುವ ಶಿಕ್ಷಕರು ರೋಗ ಒಂದಾದರೆ ಮದ್ದು ಇನ್ನೊಂದು ಕೊಡುತ್ತಿದ್ದಾರೆ.

ಹಾಗಾದರೆ ‘ತಪ್ಪಾದರೂ ಚಿಂತೆಯಿಲ್ಲ, ಮಾತನಾಡುತ್ತ ಹೋಗಿ, ತಾನಾಗಿ ಬರುತ್ತದೆ’ ಎಂಬ ಎದುರಿನ ನಂಬಿಕೆ ಸರಿಯೇ? ಅದೂ ಅರ್ಧವೇ. ರಿಚರ್ಡ್ ಸ್ಮಿಡ್ಟ್ 1983ರಲ್ಲಿ ಬರೆದ ‘ವೆಸ್’ ಎಂಬ ಕಲ್ಪಿತ ಹೆಸರಿನ ಜಪಾನೀ ಕಲಾವಿದನ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಆತ ಹವಾಯಿಯಲ್ಲಿ ನೆಲೆಸಿ, ಸಂಕೋಚವಿಲ್ಲದೆ ಎಲ್ಲರೊಡನೆ ಇಂಗ್ಲಿಷಿನಲ್ಲಿ ಬೆರೆಯುತ್ತಿದ್ದ. ಸ್ಮಿಡ್ಟ್ ಗಮನಿಸಿದ ಸುಮಾರು ಮೂರು ವರ್ಷಗಳಲ್ಲಿ ಅವನ ಮಾತುಗಾರಿಕೆ ಸೊಗಸಾಗಿ ಬೆಳೆಯಿತು. ವ್ಯಾಕರಣ ಮಾತ್ರ ಬಹುತೇಕ ಇದ್ದಲ್ಲೇ ನಿಂತಿತು. ಕೆನಡಾದ ಶಾಲೆಗಳಲ್ಲಿ ಎಲ್ಲ ಪಾಠಗಳನ್ನೂ ಫ್ರೆಂಚಿನಲ್ಲೇ ಕೇಳುತ್ತ ಬೆಳೆದ ಮಕ್ಕಳನ್ನು ನೋಡಿ ಮೆರಿಲ್ ಸ್ವೇನ್ 1985ರಲ್ಲಿ ಹೇಳಿದ್ದು ಇದರ ಇನ್ನೊಂದು ಮುಖ: ಕೇಳಿ ಅರ್ಥ ಮಾಡಿಕೊಂಡರಷ್ಟೇ ಸಾಲದು, ತಾನೇ ಹೇಳಬೇಕಾಗಿ ಬಂದು ತಡವರಿಸಿದಾಗ ತನಗೇನು ಬರುವುದಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಮಾತನಾಡಬೇಕು ನಿಜ, ಜೊತೆಗೆ ಕಿವಿ ತೆರೆದು ವ್ಯತ್ಯಾಸಗಳನ್ನು ಗಮನಿಸಲೂ ಬೇಕು. ‘ಆ ದೇಶಕ್ಕೆ ಹೋದರೆ ಸಾಕು’ ಎನ್ನುವವರಿಗೂ ವೆಸ್‌ನ ಕತೆಯೇ ಉತ್ತರ.

ಪದಪಟ್ಟಿಯ ಪರವಾಗಿ ಎರಡು ಮಾತು

ಪದಗಳನ್ನು ಉರುಹೊಡೆಯುವ ವಿದ್ಯಾರ್ಥಿಯನ್ನು ಇಂದಿನ ಶಿಕ್ಷಣ ತಜ್ಞರು ಕರುಣೆಯಿಂದ ನೋಡುತ್ತಾರೆ. ನನಗೆ ಆ ಕರುಣೆಯಲ್ಲಿ ನಂಬಿಕೆ ಇಲ್ಲ. ನ್ಯೂಜಿಲೆಂಡಿನ ಪಾಲ್ ನೇಷನ್ ಅವರ 2006ರ ಲೆಕ್ಕದಂತೆ, ಕಾದಂಬರಿಯನ್ನೋ ಪತ್ರಿಕೆಯನ್ನೋ ನಿಘಂಟಿನ ಹಂಗಿಲ್ಲದೆ ಓದಲು, ಅಂದರೆ ಶೇ. 98ರಷ್ಟು ಪದಗಳು ಗೊತ್ತಿರಲು, 8,000ದಿಂದ 9,000 ಪದಕುಟುಂಬಗಳು ಬೇಕು. ಮಾತು ತಿಳಿಯಲು 6,000ದಿಂದ 7,000. ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಪದಕುಟುಂಬ. ಅತಿ ಹೆಚ್ಚು ಬಳಕೆಯ 2,000 ಕುಟುಂಬಗಳು ಬಂದರೆ ಶೈಕ್ಷಣಿಕ ಬರಹದ ಶೇ. 80ರ ಆಸುಪಾಸಿನ ಪದಗಳು ಗೊತ್ತಾದಂತೆ. ಕೇಳಲು ಚೆಂದವಾಗಿದೆ, ಆದರೆ ಐದು ಪದಕ್ಕೊಂದು ತಿಳಿಯದ ಪುಟವನ್ನು ಓದಿ ನೋಡಿ! ಪದಗಳು ಬಹಳ ಬೇಕು ಎನ್ನುವ ವಿದ್ಯಾರ್ಥಿಯ ಅಂದಾಜು ಸರಿಯಾಗಿಯೇ ಇದೆ. ಸ್ವತಃ ನೇಷನ್ ಪದಚೀಟಿಗಳಿಟ್ಟು ಕಲಿಯುವುದನ್ನು ಬೆಂಬಲಿಸುತ್ತಾರೆ. ಪಟ್ಟಿಯಲ್ಲೇ ನಿಂತುಬಿಟ್ಟಾಗ ಎಡವಟ್ಟಾಗುತ್ತದೆ. ಒಂದು ಪದ ಯಾವ ಪದದ ಪಕ್ಕದಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದಕ್ಕೆ ಓದಬೇಕು, ಕೇಳಬೇಕು.

ಉಚ್ಚಾರಣೆಯ ವಿಷಯವನ್ನು ಬೇಗ ಮುಗಿಸಬಹುದು. ಮಾತೃಭಾಷಿಕರಂತೆಯೇ ಉಚ್ಚರಿಸಬೇಕು ಎಂಬ ಹಂಬಲ ಬಹಳ ವಿದ್ಯಾರ್ಥಿಗಳಲ್ಲಿದೆ. ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ತೋರಿಸಿದಂತೆ, ಒಬ್ಬರ ಮಾತಿನಲ್ಲಿ ಪರಭಾಷೆಯ ಛಾಯೆ ಎಷ್ಟಿದೆ ಎಂಬುದೂ ಅವರ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದೂ ಬೇರೆ ಬೇರೆ. ಛಾಯೆ ದಟ್ಟವಾಗಿದ್ದರೂ ಪ್ರತಿ ಪದ ಸ್ಪಷ್ಟವಾಗಿ ತಿಳಿಯಬಹುದು. ಇಂದು ಇಂಗ್ಲಿಷ್ ಬಳಸುವವರಲ್ಲಿ ಅದು ಮಾತೃಭಾಷೆಯಲ್ಲದವರೇ ಬಹುಸಂಖ್ಯಾತರು. ಹೀಗಿರುವಾಗ ಈ ಹಂಬಲಕ್ಕೆ ಸುರಿಯುವ ಗಂಟೆಗಳನ್ನು ಬೇರೆಡೆ ಹಾಕುವುದು ಜಾಣತನ.

ಶಿಕ್ಷಕರೂ ನಂಬುತ್ತಾರೆ

ನಂಬಿಕೆ ವಿದ್ಯಾರ್ಥಿಗಳ ಸೊತ್ತು ಮಾತ್ರವಲ್ಲ. ಅಮೆರಿಕ ಮತ್ತು ಕೊಲಂಬಿಯಾದಲ್ಲಿ ರೆನಾಟೆ ಶುಲ್ಟ್ಸ್ ನಡೆಸಿದ ಸಮೀಕ್ಷೆಗಳಲ್ಲಿ, ಮಾತನಾಡುವಾಗ ತಪ್ಪಾದರೆ ತಿದ್ದಬೇಕು ಎಂದು ಬಯಸಿದ ವಿದ್ಯಾರ್ಥಿಗಳು ಬಹುಪಾಲು. ಹಾಗೆಂದ ಶಿಕ್ಷಕರು ಅದಕ್ಕಿಂತ ಗಣನೀಯವಾಗಿ ಕಡಿಮೆ. ತಿದ್ದಿದರೆ ಮಗು ಮುದುಡುತ್ತದೆ ಎಂದು ಶಿಕ್ಷಕರು ಸುಮ್ಮನಿರುತ್ತಾರೆ. ಇವರಿಗೆ ಪಾಠ ಮಾಡಲು ಬರುವುದಿಲ್ಲ ಎಂದು ವಿದ್ಯಾರ್ಥಿ ತೀರ್ಮಾನಿಸುತ್ತಾನೆ. ಗುಂಪು ಚಟುವಟಿಕೆ, ಆಟ, ಚರ್ಚೆಗಳನ್ನು ‘ಸಮಯ ಹರಣ’ ಎಂದು ವಿದ್ಯಾರ್ಥಿಗಳು ದೂರುವುದರ ಹಿಂದೆಯೂ ಇಂಥದೇ ಹೊಂದಾಣಿಕೆಯ ಕೊರತೆ ಇರಬಹುದು. ಏಕೆ ಹೀಗೆ ಮಾಡುತ್ತಿದ್ದೇವೆ ಎಂದು ಶಿಕ್ಷಕರು ಐದು ನಿಮಿಷ ವಿವರಿಸಿದ್ದರೆ ಆ ದೂರು ಅರ್ಧವಾದರೂ ಕರಗುತ್ತಿತ್ತೇನೋ. ಹಾಂಕಾಂಗ್‌ನಲ್ಲಿ ಮ್ಯಾಥ್ಯೂ ಪೀಕಾಕ್ ಇಂಗ್ಲಿಷ್ ಶಿಕ್ಷಕರಾಗಲು ಓದುತ್ತಿದ್ದವರನ್ನು ಮೂರು ವರ್ಷ ಹಿಂಬಾಲಿಸಿದರು. ಪದ ಮತ್ತು ವ್ಯಾಕರಣವೇ ಭಾಷೆ ಎಂಬ ಅವರ ಹಳೆಯ ನಂಬಿಕೆ, ಮೂರು ವರ್ಷದ ತರಬೇತಿಯ ನಂತರವೂ ಹೆಚ್ಚು ಅಲುಗಿರಲಿಲ್ಲ.

ಹಾಗಾದರೆ ನಂಬಿಕೆ ಬದಲಾದರೆ ಭಾಷೆ ಸುಧಾರಿಸುತ್ತದೆಯೇ? ಇಲ್ಲಿ ಸಂಶೋಧನೆ ನಮ್ಮ ಆಸೆಗೆ ತಕ್ಕಂತೆ ನಡೆದುಕೊಳ್ಳುವುದಿಲ್ಲ. ತೈವಾನಿನ 505 ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಯಾಂಗ್ ನೇಡಾಂಗ್ 1999ರಲ್ಲಿ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಇದ್ದವರು ಕಲಿಯುವ ಉಪಾಯಗಳನ್ನೂ ಹೆಚ್ಚು ಬಳಸುತ್ತಾರೆ ಎಂದು ಕಂಡರು. ಯಾವುದು ಮೊದಲು ಎಂದು ಹೇಳುವುದು ಕಷ್ಟ, ಒಂದು ಇನ್ನೊಂದನ್ನು ಬೆಳೆಸುತ್ತದೆ. 2003ರಲ್ಲಿ ತನಾಕಾ ಮತ್ತು ರಾಡ್ ಎಲ್ಲಿಸ್, 15 ವಾರ ಅಮೆರಿಕದಲ್ಲಿ ಓದಿ ಬಂದ 166 ಜಪಾನೀ ವಿದ್ಯಾರ್ಥಿಗಳನ್ನು ನೋಡಿದಾಗ ಅವರ ನಂಬಿಕೆಗಳೂ ಬದಲಾಗಿದ್ದವು, ಪರೀಕ್ಷೆಯ ಅಂಕವೂ ಏರಿತ್ತು. ಆದರೆ ಇವೆರಡರ ನಡುವಿನ ನಂಟು ದುರ್ಬಲವಾಗಿತ್ತು. ನಂಬಿಕೆ ಬದಲಾದಷ್ಟೂ ಅಂಕ ಏರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಂಬಿಕೆ ನೇರವಾಗಿ ಭಾಷೆಯನ್ನು ಮುಟ್ಟುವುದಿಲ್ಲ, ಅದು ಮುಟ್ಟುವುದು ನಮ್ಮ ಗಂಟೆಗಳನ್ನು. ಆ ಗಂಟೆಗಳು ಫಲ ಕೊಡಲು 15 ವಾರ ಅಲ್ಪಕಾಲ.

‘ಕೊರಿಯನ್ನರು ಹೀಗೆ, ಅಮೆರಿಕನ್ನರು ಹಾಗೆ’ ಎಂದು ದೇಶವಾರು ತೀರ್ಪು ಕೊಡುವುದರ ಬಗ್ಗೆಯೂ ಎಚ್ಚರ ಬೇಕು. 1999ರಲ್ಲಿ ಹಾರ್ವಿಟ್ಜ್ ಹಲವು ದೇಶಗಳ ಬ್ಯಾಲಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಂದು ಗುಂಪಿನೊಳಗಿನ ವ್ಯತ್ಯಾಸಗಳೇ ಗುಂಪುಗಳ ನಡುವಿನ ವ್ಯತ್ಯಾಸದಷ್ಟು ಇರಬಹುದು ಎಂದರು. ಪ್ರಶ್ನಾವಳಿಯ ಮಿತಿಯನ್ನು ಇನ್ನೂ ಮುಂದಕ್ಕೆ ಒಯ್ದವರು ಫಿನ್ಲೆಂಡಿನ ಪೌಲಾ ಕಲಾಯಾ ಮತ್ತು ಬ್ರೆಜಿಲಿನ ಅನಾ ಮರಿಯಾ ಬಾರ್ಸೆಲೋಸ್. 2003ರಲ್ಲಿ ಇಬ್ಬರೂ ಸಂಪಾದಿಸಿದ ಪುಸ್ತಕದ ವಾದವೆಂದರೆ, ನಂಬಿಕೆ ತಲೆಯೊಳಗೆ ಇಟ್ಟ ವಸ್ತುವಲ್ಲ, ಸಂದರ್ಭಕ್ಕೆ ತಕ್ಕಂತೆ ಅದು ರೂಪ ಬದಲಿಸುತ್ತದೆ. ಹಾಗಾಗಿ ದಿನಚರಿ, ಸಂದರ್ಶನ, ತರಗತಿಯ ವೀಕ್ಷಣೆಗಳೂ ಬೇಕು. ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸಬಹುದು ಎಂಬ ಹೇಳಿಕೆಗೆ ‘ಪೂರ್ಣ ಒಪ್ಪುತ್ತೇನೆ’ ಎಂದು ಗುರುತು ಹಾಕಿದ ವಿದ್ಯಾರ್ಥಿನಿ, ಓದಲು ಕೂತಾಗ ಪ್ರತಿ ಸಾಲಿಗೂ ಮೊಬೈಲಿನ ನಿಘಂಟು ತೆರೆಯಬಹುದು. ಅವಳ ನಂಬಿಕೆ ಯಾವುದು ಎಂದು ಪ್ರಶ್ನಾವಳಿಯನ್ನು ಕೇಳುವುದೋ, ಬೆರಳನ್ನು ಕೇಳುವುದೋ ಎಂಬ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ.